ಅಮ್ಮ ಬಂದಳೆಂದು ಕೈ ಮುಗಿದವರು

ಗುಂಡ್ಲುಪೇಟೆಯ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಗ ನನ್ನ ಕಿವಿಯಲ್ಲಿ ಗಂಡಸೊಬ್ಬ ಮಾತಾಡತೊಡಗಿದ. ಮೊದಮೊದಲು ನಮ್ಮೂರು ಹಂಗಳದಿಂದ ಬರುವ ಬಸ್ಸಿನಲ್ಲಿ ಮಾತ್ರ, ಆಮೇಲೆ ತರಗತಿಯಲ್ಲೂ. 'ಬುತ್ತೀಲಿ ವಿಸ ಆಕವ್ರೆ ಕಣಮ್ಮಿ, ತಿನ್ಬ್ಯಾಡ' ಅನ್ನುತ್ತಿದ್ದ. ನಾನು ನಂಬಿದೆ. ಅವ್ವ ಕಟ್ಟಿಕೊಟ್ಟದ್ದನ್ನು ಬಸ್‌ಸ್ಟ್ಯಾಂಡಿನ ನಾಯಿಗೆ ಸುರಿದು, ಸಾಯುತ್ತದೇನೋ ಎಂದು ನಿಂತು ನೋಡುತ್ತಿದ್ದೆ. ನಾಯಿ ದುಂಡಗಾಯಿತು, ನಾನು ಕಡ್ಡಿಯಾದೆ.

ಒಂದು ದಿನ ಲ್ಯಾಬಿನಲ್ಲಿ ಅವನಿಗೆ ಗಟ್ಟಿಯಾಗಿ ಉತ್ತರ ಕೊಟ್ಟುಬಿಟ್ಟೆ. ಜಡೆ ಬಿಚ್ಚಿಹೋಗಿತ್ತು, ಮೈ ನಡುಗುತ್ತಿತ್ತು. ನಮ್ಮ ಕಡೆ ಹೆಣ್ಣೊಬ್ಬಳು ಕೂದಲು ಕೆದರಿಕೊಂಡು ನಡುಗಿದರೆ ಜನಕ್ಕೆ ಹೊಳೆಯುವುದು ಒಂದೇ.

'ಅಮ್ಮ ಬಂದವ್ಳೆ' ಎಂದಳು ನನ್ನ ಬೆಂಚಿನ ಜೊತೆಗಾತಿ, ಹರವೆ ಕಡೆಯವಳು. ಚಪ್ಪಲಿ ಬಿಟ್ಟಳು. ಯಾರೋ ಕ್ಯಾಂಟೀನಿನಿಂದ ನಿಂಬೆಹಣ್ಣು ತಂದರು. ಹರವೆಯವಳು ನನ್ನ ಪಾದ ಮುಟ್ಟಿ, 'ಕೆಮಿಸ್ಟ್ರಿ ಪಾಸಾಯ್ತೀನಾ ತಾಯಿ?' ಎಂದು ಕೇಳಿದಳು. ನಡುಗುತ್ತಿದ್ದ ನನ್ನ ತಲೆ ಮೇಲೆ ಕೆಳಗೆ ಆಡಿತು. ಅವಳು ಅದನ್ನೇ ವರ ಅಂದುಕೊಂಡಳು. ಪಾಠ ಮಾಡುವ ಮೇಷ್ಟರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅಲ್ಲಿಂದ ದಿನವೂ ಯಾರಾದರೂ ಪ್ರಶ್ನೆ ಹೊತ್ತು ಬರುವವರೇ. ನಾನು ಊಟ ಮಾಡದಿದ್ದರೆ ಅಮ್ಮನ ಉಪವಾಸ ಎನ್ನುತ್ತಿದ್ದರು. ನಾನು ಹೆದರಿ ಸಾಯುತ್ತಿದ್ದೆ. ಅಷ್ಟು ಭಕ್ತಿಯ ನಡುವೆ ಅದು ಒಬ್ಬರಿಗೂ ಕಾಣಲಿಲ್ಲ.

ಕಂಡದ್ದು ಒಬ್ಬಳಿಗೆ, ನಮ್ಮ ತರಗತಿಯಲ್ಲೇ ಇದ್ದ ಪೇಟೆಯ ಟೈಲರ್ ಸಾಬರ ಮಗಳಿಗೆ. ಅವಳು ಕೈ ಮುಗಿಯಲಿಲ್ಲ. ಉಳಿದವರನ್ನು ಗದರಿಸಿ ಆಚೆ ಕಳಿಸಿ, ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು ಮೆಲ್ಲಗೆ ಕೇಳಿದಳು: 'ಭಯ ಆಗ್ತಾ ಇದ್ಯಾ?'

ನಾನು ಅತ್ತುಬಿಟ್ಟೆ. ಕಿವಿಯೊಳಗಿನವನ ವಿಷಯ ಹೇಳಿದೆ.

'ನಂಗೆ ಕೇಳಿಸ್ತಿಲ್ಲ. ನಿಂಗೆ ಕೇಳಿಸ್ತಿದೆ, ಗೊತ್ತು. ನಮ್ಮ ಚಿಕ್ಕಮ್ಮಂಗೂ ಹಿಂಗೇ ಆಗಿತ್ತು. ಡಾಕ್ಟ್ರ ಹತ್ರ ಹೋಗನ' ಎಂದಳು. ತನ್ನ ಡಬ್ಬಿ ತೆಗೆದು ಮೊದಲು ತಾನು ಒಂದು ತುತ್ತು ತಿಂದು, ನನ್ನ ಮುಂದೆ ಇಟ್ಟಳು. ಎಷ್ಟೋ ದಿನಗಳ ಮೇಲೆ ಹೊಟ್ಟೆಗೆ ಅನ್ನ ಬಿತ್ತು.

ಅವ್ವನಿಗೆ ಫೋನು ಮಾಡಿದ್ದೂ ಅವಳೇ, ಮರುದಿನ ಚಾಮರಾಜನಗರದ ಬಸ್ಸು ಹತ್ತಿ ಆಸ್ಪತ್ರೆಯವರೆಗೆ ನಮ್ಮ ಜೊತೆ ಬಂದದ್ದೂ ಅವಳೇ. ದಾರಿಯುದ್ದಕ್ಕೂ ಅವ್ವ ನನ್ನ ಹಣೆಗೆ ವಿಭೂತಿ ಬಳಿಯುತ್ತಲೇ ಇದ್ದಳು. 'ಹಚ್ಚಿ ಅಮ್ಮಾ, ಡಾಕ್ಟ್ರು ಕೊಡೋ ಮಾತ್ರೆನೂ ಕೊಡಿ' ಎಂದಳು ಆ ಹುಡುಗಿ. ಇಬ್ಬರಿಗೂ ಜಗಳವಾಗಲಿಲ್ಲ.

ಮಾತ್ರೆ ತಿಂದು ಮಲಗಿದ್ದರಲ್ಲೇ ಒಂದು ವರ್ಷ ಕಳೆಯಿತು. ಮೈ ಊದಿತು, ಕೈ ನಡುಗಿ ಅಕ್ಷರ ಕೆಟ್ಟಿತು. ಕಿವಿಯೊಳಗಿನವನು ಮಾತ್ರ ಸಣ್ಣಗಾಗುತ್ತ ಹೋದ. ಮತ್ತೆ ಕಾಲೇಜಿಗೆ ಹೊರಟಾಗ ನನಗಿದ್ದ ಆಸೆ ಒಂದೇ: ಉಳಿದ ಹುಡುಗಿಯರ ಜೊತೆ ಒಬ್ಬಳಾಗಿ ಕೂರಬೇಕು. ಅಷ್ಟರಲ್ಲಿ ಟೈಲರ್ ಸಾಬರ ಮಗಳು ಮದುವೆಯಾಗಿ ಕೇರಳದ ಕಡೆ ಹೋಗಿದ್ದಳು.

ಮೊದಲ ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಹರವೆಯವಳು ಸಿಕ್ಕಳು. ಓಡಿಬಂದು ಪಕ್ಕದಲ್ಲಿ ಕೂತು, ನನ್ನ ಕೈ ಕಣ್ಣಿಗೊತ್ತಿಕೊಂಡಳು.

'ಕೆಮಿಸ್ಟ್ರಿ ಪಾಸಾದೆ ಕಣಮ್ಮಿ. ಈಗ್ಲೂ ಬತ್ತಾಳಾ ಅಮ್ಮ?'

ಹೂಂ ಎಂದು ಸುಳ್ಳು ಹೇಳಿದ್ದರೆ ಅವಳು ಹಾಗೇ ಕೈ ಹಿಡಿದುಕೊಂಡು ಪಕ್ಕದಲ್ಲೇ ಇರುತ್ತಿದ್ದಳು. ನನಗೆ ಅಮ್ಮನಾಗುವುದು ಸಾಕಾಗಿತ್ತು.

'ಅದು ಅಮ್ಮ ಅಲ್ಲ ಕಣೆ, ಕಾಯಿಲೆ. ಮಾತ್ರೆ ತಕ್ಕತಾ ಇವ್ನಿ.'

ಹಿಡಿದ ಕೈಯನ್ನು ಅವಳು ಮೆಲ್ಲಗೆ ಬಿಟ್ಟಳು. ಕೊಂಚ ಆಚೆ ಸರಿದು, ತೊಡೆಯ ಮೇಲಿದ್ದ ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟಳು.