ಎಡೆಯ ಕೋಣೆಯಲ್ಲಿ ಕಂಡ ಎರಡು ಚಿತ್ರ

ಸತ್ತವರು ಬರುತ್ತಾರೆ, ಏನೋ ಹೇಳಿ ಹೋಗುತ್ತಾರೆ ಎಂಬುದೆಲ್ಲ ಕೆಲಸವಿಲ್ಲದವರ ಹರಟೆ ಎಂದು ತರಗತಿಯಲ್ಲೇ ಹೇಳುತ್ತಿದ್ದವನು ನಾನು. ಮಂಡ್ಯದ ಕಾಲೇಜೊಂದರಲ್ಲಿ ಜೀವರಸಾಯನ ಪಾಠ ಮಾಡುತ್ತೇನೆ, ಗುತ್ತಲಿನಲ್ಲಿ ಮನೆ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅಪ್ಪ ಐವತ್ತು ದಾಟುವ ಮೊದಲೇ ಹೋದರು. ಮೊದಲು ಪಾದಕ್ಕೆ ಜೋಮು ಹಿಡಿಯಿತು, ಆಮೇಲೆ ಮೈ ಇಳಿಯಿತು, ಕೊನೆಗೆ ಹೃದಯ ಸೋತಿತು. ಊರವರು ಮಾಟ ಎಂದರು, ಡಾಕ್ಟರು ಹಾರ್ಟು ಎಂದರು. ಎಷ್ಟೋ ವರ್ಷದ ಮೇಲೆ ಅಣ್ಣನಿಗೂ ಅದೇ ಜೋಮು ಬಂತು. ಅವನು ಮದ್ದೂರಿನಲ್ಲಿ ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ಒಂದು ದಿನ ಹನಕೆರೆ ಹತ್ತಿರ ಗಾಡಿ ನಿಲ್ಲಿಸಿ ಫೋನ್ ಮಾಡಿದ.

"ಬ್ರೇಕ್ ಮ್ಯಾಲೆ ಕಾಲದೋ ಇಲ್ವೋ ಗೊತ್ತಾಯ್ತಿಲ್ಲ ಕಣ್ಲಾ. ಬಗ್ಗಿ ನೋಡ್ಕಂಡು ಒತ್ತಿದೆ."

ಅದೇನಿರಬಹುದೆಂದು ನನಗೆ ಅಂದಾಜಿತ್ತು. ಪ್ರೋಟೀನೆಂದರೆ ಒಂದು ಮಣಿಸರ ಅಂದುಕೊಳ್ಳಿ. ಸರ ತಾನಾಗಿ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ವಂಶದಲ್ಲಿ ಒಂದೇ ಒಂದು ಮಣಿ ಬದಲಾಗಿದ್ದರೂ ಸಾಕು, ಲಿವರಿನಲ್ಲಿ ಹುಟ್ಟುವ ಒಂದು ಪ್ರೋಟೀನು ಆಕಾರ ಕೆಟ್ಟು, ನೂಲುನೂಲಾಗಿ ನರಕ್ಕೆ, ಹೃದಯಕ್ಕೆ ಅಂಟಿಕೊಳ್ಳುತ್ತದೆ. ರೋಗ ಅದೇ ಎಂದು ಖಚಿತವಾದರೆ ತಡೆಯುವ ಔಷಧಿ ಈಗ ಇದೆ. ತಡವಾಗಬಾರದು, ಅಷ್ಟೆ.

ಅಣ್ಣನ ಹೊಟ್ಟೆಯ ಕೊಬ್ಬಿನ ಒಂದು ಚೂರು ದೂರದ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಪ್ರೋಟೀನನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ತೂಗಿ, ಯಾವ ಮಣಿ ಬದಲಾಗಿದೆ ಎಂದು ಹೇಳುತ್ತಾರೆ. ಒಂದು ತುಂಡಿನ ತೂಕ ಈವರೆಗೆ ಗೊತ್ತಿರುವ ಯಾವುದಕ್ಕೂ ಹೊಂದುತ್ತಿಲ್ಲ, ಕಾಯಬೇಕು ಎಂದರು. ನನಗೆ ಕಾಯುವ ಸ್ವಭಾವವೇ ಇಲ್ಲ. ಪ್ರೋಟೀನಿನ ಆಕಾರ ಊಹಿಸುವ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಗೊತ್ತಿರುವ ಬದಲಾವಣೆಗಳನ್ನು ಒಂದೊಂದಾಗಿ ಕೊಟ್ಟು ನೋಡುತ್ತಿದ್ದೆ.

ಅಷ್ಟರಲ್ಲಿ ಸತ್ತ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬ ಬಂತು. ಆತಗೂರು ಹೋಬಳಿಯ ನಮ್ಮೂರಿಗೆ ಎಲ್ಲರೂ ಹೋದೆವು. ಅಣ್ಣ, ಮಳವಳ್ಳಿಗೆ ಕೊಟ್ಟಿರುವ ತಂಗಿ, ನಾನು, ನನ್ನ ಹೆಂಡತಿ, ಮಗಳು. ಕರೆಂಟು ಹೋದರೂ ನಡೆಯುವ ಪ್ಲಗ್ ಇದ್ದದ್ದು ನಡುಕೋಣೆಯಲ್ಲಿ ಮಾತ್ರ. ಅಲ್ಲೇ ಮೂಲೆಯಲ್ಲಿ ಲ್ಯಾಪ್‌ಟಾಪ್ ಓಡಲು ಬಿಟ್ಟಿದ್ದೆ. ಅಮ್ಮ ಆ ಕೋಣೆಯಲ್ಲೇ ಎಡೆ ಇಟ್ಟಳು. ಅಪ್ಪನ ಫೋಟೋ ಮುಂದೆ ಹೊಸ ಪಂಚೆ, ಎಲೆಯ ತುಂಬ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಉಂಡು ಮುಗಿಸುವವರೆಗೆ ಆ ಬಾಗಿಲು ತೆಗೆಯುವಂತಿಲ್ಲ. ಆಗ ನನಗೆ ಲ್ಯಾಪ್‌ಟಾಪ್ ನೆನಪಾಗಿ ಚಿಲಕಕ್ಕೆ ಕೈ ಹಾಕಿದೆ.

"ಸುಮ್ಕಿರ್ಲಾ! ಉಣ್ಣೋರ್ನ ಎಬ್ಬುಸ್ತಾರಾ?" ಎಂದು ಅಮ್ಮ ಕೈ ಮೇಲೆ ಹೊಡೆದಳು.

ಕೊನೆಗೆ ಅಮ್ಮ ಕೆಮ್ಮಿ, ಬಾಗಿಲು ತಟ್ಟಿ, ತೆರೆದಳು. ಎಡೆ ಇಟ್ಟ ಹಾಗೇ ಇತ್ತು. ನಾನು ಲೆಕ್ಕಕ್ಕೆ ಕೊಟ್ಟದ್ದು ಒಂದೇ ಸರ, ಪರದೆಯ ಮೇಲೆ ಒಂದೇ ಚಿತ್ರ ಇರಬೇಕಿತ್ತು. ಅಕ್ಕಪಕ್ಕದಲ್ಲಿ ಎರಡಿದ್ದವು. ಎರಡರಲ್ಲೂ ಒಂದೇ ಜಾಗದ ಮಣಿ ಬದಲಾಗಿದೆಯೆಂದು ಕೆಂಪಗಿತ್ತು, ಪಕ್ಕದಲ್ಲಿ ಅದರ ಹೆಸರೂ ಇತ್ತು. ನಾನು ಕೊಟ್ಟ ಮಣಿ ಅದಲ್ಲ. ಆ ಜಾಗದಲ್ಲಿ ಅಂಥ ಬದಲಾವಣೆ ಇದೆಯೆಂದು ನಾನು ಎಲ್ಲೂ ಓದಿರಲಿಲ್ಲ. ಸಾಲದ್ದಕ್ಕೆ ಆಕಾರ ಪೂರ್ತಿ ಬಿಚ್ಚಿಕೊಂಡಿತ್ತು. ಒಂದು ಮಣಿ ಬದಲಾದ ಮಾತ್ರಕ್ಕೆ ಆ ತಂತ್ರಾಂಶ ಹಾಗೆ ಬಿಚ್ಚಿ ತೋರಿಸುವುದೇ ಇಲ್ಲ, ಅದು ಅದರ ದೊಡ್ಡ ಕೊರತೆ. ಊರಲ್ಲಿ ನೆಟ್ ಇರಲಿಲ್ಲ, ಕಿಟಕಿ ಮುಚ್ಚಿತ್ತು, ಮನೆಮಂದಿಯೆಲ್ಲ ನನ್ನ ಕಣ್ಣೆದುರೇ ಇದ್ದರು. ನಾನೇ ಏನೋ ಎಡವಟ್ಟು ಮಾಡಿರಬೇಕು, ಅದಕ್ಕೇ ಎರಡೆರಡು ಸಲ ಬಂದಿದೆ ಅಂದುಕೊಂಡೆ. ಆದರೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೆ.

ಪ್ರಯೋಗಾಲಯದ ಹುಡುಗಿ ಫೋನ್ ಮಾಡಿ, ಇದು ಹೊಸ ಬದಲಾವಣೆ ಸರ್ ಎಂದಾಗ, ನಾನು ಅವಳ ಮಾತು ಮುಗಿಯುವ ಮೊದಲೇ ಆ ಫೋಟೋದಲ್ಲಿದ್ದ ಮಣಿಯ ಜಾಗ, ಅಲ್ಲಿಗೆ ಬಂದಿರುವ ಮಣಿ ಎರಡನ್ನೂ ಹೇಳಿದೆ.

"ಸರ್, ನಿಮಗೆ ಹೇಗೆ ಗೊತ್ತು?"

ಫೋನ್ ಇಟ್ಟುಬಿಟ್ಟೆ.

ಅಣ್ಣನಿಗೆ ಔಷಧಿ ಶುರುವಾಯಿತು. ಆದರೆ ಅಷ್ಟು ಹೊತ್ತಿಗೆ ರೋಗ ಹೃದಯವನ್ನು ಹಿಡಿದುಬಿಟ್ಟಿತ್ತು. ಟೆಂಪೋ ಮಾರಿದ ಮೇಲೆ ಅವನು ಹೆಚ್ಚು ದಿನ ಇರಲಿಲ್ಲ. ಅವನ ಪಾದ ತೊಳೆಯುವಾಗ, "ತೊಳೀತಾ ಇದ್ದೀಯೇನ್ಲಾ?" ಎಂದು ಕೇಳುತ್ತಿದ್ದ.

ಅವನ ತಿಥಿ ಮುಗಿದ ಮೇಲೆ ತಂಗಿಯೂ ನಾನೂ ಪರೀಕ್ಷೆಗೆ ರಕ್ತ ಕೊಟ್ಟೆವು. ತಂಗಿಗೆ ಏನೂ ಇಲ್ಲ. ನನಗಿದೆ, ಅದೇ ಮಣಿ. ವರದಿ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ ಆ ಫೋಟೋ ತೆಗೆದು ನೋಡಿದೆ. ಚಿತ್ರ ಎರಡೇಕೆ ಇದ್ದವೆಂದು ಆಗ ಹೊಳೆಯಿತು: ಒಂದು ಅಣ್ಣನಿಗೆ, ಇನ್ನೊಂದು ನನಗೆ. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನಿದೆ.

ಔಷಧಿ ನುಂಗುತ್ತಿದ್ದೇನೆ, ಕಾಲಿನಲ್ಲಿ ಇನ್ನೂ ಸ್ಪರ್ಶವಿದೆ. ಲ್ಯಾಪ್‌ಟಾಪನ್ನು ತಿಳಿದವರ ಕೈಯಲ್ಲಿ ತೆಗೆಸಿ ನೋಡಿದೆ. ಅಂಥ ಲೆಕ್ಕ ಅದರಲ್ಲಿ ನಡೆದ ಗುರುತೇ ಇಲ್ಲವೆಂದರು. ಅದು ಹೇಗೆ ಬಂತೋ, ನನ್ನ ಓದಿಗೆ ಎಟುಕುತ್ತಿಲ್ಲ.

ಈ ಸಲದ ಹಬ್ಬಕ್ಕೆ ಎರಡು ಎಡೆ. ಧೂಪ ಹಾಕುತ್ತಾ ಅಮ್ಮ, "ಆ ಕಂಪ್ಯೂಟರ್ನೂ ಒಳ್ಗೇ ಮಡಗ್ಲಾ. ಅಪ್ಪ, ಮಗ ಏನಾರ ಯೋಳೋದಿದ್ರೆ ಯೋಳ್ಲಿ" ಎಂದಳು. ನಾನು ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ ಬಂದೆ. ಕೋಣೆಯ ಬಾಗಿಲು ಮುಚ್ಚಿತು. ಮಗಳು ಪಕ್ಕದಲ್ಲಿ ನಿಂತಿದ್ದಳು, ಅವಳ ರಕ್ತವನ್ನು ಇನ್ನೂ ಪರೀಕ್ಷೆ ಮಾಡಿಸಿಲ್ಲ. ಅದು ತೆರೆಯುವವರೆಗೆ ನಾನು ಅವಳ ಕೈ ಬಿಡಲಿಲ್ಲ.