ಬಳಿ ಕೇಳಿದರು, ಕಾಯಿಲೆ ಕೇಳಲಿಲ್ಲ

ನನ್ನ ತಮ್ಮನಿಗೆ ಹಿಮೋಫಿಲಿಯಾ ಇತ್ತು. ಗಾಯವಾದರೆ ರಕ್ತ ಹೆಪ್ಪುಗಟ್ಟದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮುಂಬಯಿಯ ಮುಲುಂಡ್‌ನಲ್ಲಿ ಒಂದು ಹಲ್ಲು ಕೀಳಿಸಿಕೊಂಡು ಬಂದವನ ಬಾಯಿಯ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ನಾನು ಕಾಯಿಲೆಯ ಹೆಸರು ಹೇಳಿ ಅದರ ಇಂಜೆಕ್ಷನ್ ಕೇಳಿದರೆ, "ಡಾಕ್ಟರ್ ನೀವೋ ನಾನೋ?" ಎಂದು ಅಲ್ಲಿನ ಡಾಕ್ಟರ್ ಗದರಿದರು. ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದರು. ತಮ್ಮ ಉಳಿಯಲಿಲ್ಲ.

ಆ ಸಿಟ್ಟಿನಲ್ಲೇ ನಾನು ರೋಗಿಗಳ ಪರವಾಗಿ ಮಾತಾಡುವ ಕೆಲಸಕ್ಕೆ ಇಳಿದದ್ದು. ಸರಕಾರಿ ಆಸ್ಪತ್ರೆಯಲ್ಲಿ ಕಲಬುರಗಿಯಿಂದ ಇಲ್ಲಿಗೆ ಬಂದ ಗಾರೆ ಕೆಲಸದವರ ಜೊತೆ ನಿಂತು ಡಾಕ್ಟರರೊಡನೆ ವಾದಿಸುತ್ತೇನೆ. ಒಳಗೆ ರಕ್ತ ಸೋರಿ ಊದಿದ ಮಂಡಿಗೆ ಬಿಸಿ ಎಣ್ಣೆ ಹಚ್ಚಿ ನೀವಬೇಡಿ, ಮಂಜುಗಡ್ಡೆ ಇಡಿ ಎಂದು ತಾಯಂದಿರಿಗೆ ಹೇಳಿ ಹೇಳಿ ನಾಲಿಗೆ ಸವೆದಿದೆ. ಪಾಪ, ಅವರು ಕೇಳುತ್ತಾರೆ. ಕೇಳದವಳು ನನ್ನ ಸ್ವಂತ ಅಕ್ಕ.

ನಾವು ಉಡುಪಿ ಕಡೆಯವರು. ನಮ್ಮಲ್ಲಿ ಮನೆತನದ ಬಳಿ ಎಂಬುದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಅಕ್ಕನ ಮಗಳಿಗೆ ಬೊರಿವಲಿಯ ಸಂಬಂಧ ಬಂದಾಗ ಎರಡೂ ಕಡೆಯವರು ಅಜ್ಜಿಯ ಅಜ್ಜಿಯ ತನಕ ಜಾಲಾಡಿದರು. ಹಿಮೋಫಿಲಿಯಾ ಬರುವುದೂ ಹೆಚ್ಚಾಗಿ ಅದೇ ದಾರಿಯಲ್ಲಿ, ತಾಯಿಯಿಂದ ಮಗನಿಗೆ. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೂ ಅಕ್ಕ ಉತ್ತರ ಹೊಂದಿಸಿಟ್ಟಿದ್ದಳು: ತಮ್ಮ ಸತ್ತದ್ದು ಕಾಮಾಲೆಯಿಂದ. ಮಗಳೂ ಅದನ್ನೇ ನಂಬಿದ್ದಳು.

ಮದುವೆಯಾಗಿ ಹೋದ ಆ ಮಗಳು ಈಗ ಏಳು ತಿಂಗಳ ಬಸುರಿ. ಅಕ್ಕನಿಂದ ಅವಳಿಗೂ, ಅವಳಿಂದ ಹೊಟ್ಟೆಯಲ್ಲಿರುವ ಮಗುವಿಗೂ ಅದು ಇಳಿದಿರಬಹುದು. ಗೊತ್ತಿಲ್ಲದ ಡಾಕ್ಟರ್ ಹೆರಿಗೆಯಲ್ಲಿ ಇಕ್ಕಳ ಹಾಕಿ ಎಳೆದರೆ ಮಗುವಿನ ತಲೆಯೊಳಗೆ ರಕ್ತ ಸೋರಬಹುದು. ಗೊತ್ತಿದ್ದರೆ ಜಾಗ್ರತೆ ಮಾಡುತ್ತಾರೆ. ಹೇಳಬೇಕಾದದ್ದು ಒಂದೇ ಒಂದು ಮಾತು.

ಅಕ್ಕನಿಗೆ ಕೈಮುಗಿದೆ, ಜಗಳವಾಡಿದೆ. "ನೀನು ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು. "ಅವಳನ್ನು ಅವರು ವಾಪಸ್ ಕಳಿಸಿದ್ರೆ ನೀನು ನೋಡಿಕೊಳ್ತೀಯಾ?" ಥೂ, ಎಂಥ ಮಾತು! ತಮ್ಮನ ಬಾಯಿಯ ರಕ್ತವನ್ನು ಅವಳೂ ಒರೆಸಿದ್ದಳಲ್ಲ. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಲೋಕಲ್ ರೈಲು ಹತ್ತಿ ನೇರ ಬೊರಿವಲಿಗೆ ಹೋದೆ. ಅವಳ ಅತ್ತೆ ಅಡುಗೆಮನೆಯಲ್ಲಿದ್ದಾಗ ಹುಡುಗಿಗೆ ಎಲ್ಲ ಹೇಳಿದೆ. ಯಾರಿಗೆ ಹೇಳುತ್ತೀ, ಬಿಡುತ್ತೀ, ಅದು ನಿನಗೆ ಬಿಟ್ಟದ್ದು ಎಂದೆ. ಅವಳು ಎದ್ದು, "ಮಮ್ಮಿ, ಜರಾ ಇಲ್ಲಿ ಬನ್ನಿ," ಎಂದು ಅತ್ತೆಯನ್ನು ಕರೆದು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ತಾನೇ ಎಲ್ಲ ಹೇಳಿದಳು. ನಾನು ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಕೂತರು. "ಮದುವೆಗೆ ಮೊದ್ಲು ಗೊತ್ತಾಗಿದ್ರೆ ನಾವು ಬೇಡ ಅಂತಿದ್ದೆವು. ಸುಳ್ಳು ಯಾಕೆ ಹೇಳ್ಬೇಕು," ಎಂದರು.

ಸೊಸೆ ಅಳತೊಡಗಿದಳು. ಅವರು ಅವಳ ಬೆನ್ನ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದರು. "ಈಗ ಇವಳು ನಮ್ಮವಳು. ಡಾಕ್ಟರಿಗೆ ಎಂತ ಹೇಳ್ಬೇಕು, ನನಗೆ ಸರಿಯಾಗಿ ಹೇಳಿಕೊಡಿ."

ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರು ಒಬ್ಬರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಹೇಳಿಕೊಡಲು ಕೂತವಳು ಅತ್ತುಬಿಟ್ಟೆ.