ಸುಡದ ಬತ್ತಿ

ಅಪ್ಪನ ಮೇಲೆ ನಾನು ಕೈ ಮಾಡಿದ್ದು ಒಂದೇ ಸಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅದರ ಹಿಂದೆಯೇ ಇನ್ನೊಂದು ಕೆಲಸ ಮಾಡಿದೆ, ನಾಚಿಕೆ ಇರುವುದು ಅದಕ್ಕೆ.

ನಾನು ಚಿಕ್ಕವಳಿದ್ದಾಗ ಅಪ್ಪ ತಮಿಳುನಾಡಿನ ಸೇಲಂ ಕಡೆಯ ನಮ್ಮ ಮೇಚೇರಿಯ ಆಚೆ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದ. ಒಳಗೆ ಹಬೆಯ ಪೈಪುಗಳಿಗೆ ಕಲ್ನಾರಿನ ಹಗ್ಗ ಸುತ್ತುತ್ತಿದ್ದರು. ಆಸ್ಬೆಸ್ಟಾಸ್ ಅನ್ನುವುದು ಅದನ್ನೇ. ಸಂಜೆ ಮನೆಗೆ ಹೋಗುವವರ ಸೊಂಟ ತಡವಿ ನೋಡಿ, ಹಗ್ಗದ ತುಂಡು ಸಿಕ್ಕರೆ ಅಪ್ಪ ಮೊದಲು ಕಪಾಳಕ್ಕೆ ಬಾರಿಸಿ ಆಮೇಲೆ ಹೆಸರು ಕೇಳುತ್ತಿದ್ದ. ಅವನು ಹೇಳಿದ್ದರಿಂದ ಒಬ್ಬನ ಕೆಲಸವೇ ಹೋಯಿತು. ಹೀಗೆ ಕಿತ್ತುಕೊಂಡ ತುಂಡುಗಳು ಸ್ಟೋರಿಗೆ ಹೋಗಬೇಕಿತ್ತು. ಅವು ನಮ್ಮ ಮನೆಗೆ ಬರುತ್ತಿದ್ದವು.

ಯಾಕೆಂದರೆ ಕಲ್ನಾರು ಸುಡುವುದಿಲ್ಲ. ಅವ್ವ ಅದನ್ನು ಎಳೆ ಎಳೆಯಾಗಿ ಬಿಡಿಸಿ, ತೊಡೆಯ ಮೇಲೆ ಹೊಸೆದು, ದೀಪಕ್ಕೆ ಬತ್ತಿ ಮಾಡುತ್ತಿದ್ದಳು. ಹತ್ತಿಯ ಬತ್ತಿ ಒಂದೇ ದಿನಕ್ಕೆ ಕರಕಲು. ಅವ್ವನದು ವರ್ಷ ಬಾಳುತ್ತಿತ್ತು, ಎಣ್ಣೆ ಹಾಕುತ್ತಿದ್ದರೆ ಸಾಕು. ಕಾರ್ತಿಕ ದೀಪಕ್ಕೆ ಮುಂಚೆ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಗೆ ಬಂದು ಕೇಳಿ ಪಡೆಯುತ್ತಿದ್ದರು. ಹೊಸೆದಾದ ಮೇಲೆ ಅವ್ವ ಸೀರೆ ಕೊಡವಿ, ಬೆರಳಿಗೆ ಅಂಟಿದ್ದನ್ನು ಬಾಯಿಂದ ಊದುವಳು. ಬಿಸಿಲಿನಲ್ಲಿ ಆ ಧೂಳು ಮಿನುಗುವುದನ್ನು ನೋಡಲು ನಾನು ಪಕ್ಕದಲ್ಲೇ ಕೂರುತ್ತಿದ್ದೆ.

ಹೋದ ವರ್ಷ ಅವ್ವನಿಗೆ ಉಸಿರು ಹಿಡಿಯತೊಡಗಿತು. ಬಲಪಕ್ಕೆಯಲ್ಲಿ ಚೂರಿ ತಿರುವಿದ ಹಾಗೆ ನೋವು. ಟಿಬಿ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಎರಡು ಸಲ ಪಕ್ಕೆಗೆ ಸೂಜಿ ಚುಚ್ಚಿ ನೀರು ತೆಗೆದರು, ಮತ್ತೆ ತುಂಬಿಕೊಂಡಿತು. ಕೊನೆಗೆ ಸೇಲಂನ ಡಾಕ್ಟರಮ್ಮ ಶ್ವಾಸಕೋಶದ ಸುತ್ತಲಿನ ಪೊರೆಯಿಂದ ಒಂದು ಚೂರು ತೆಗೆದು, ಪರೀಕ್ಷೆಗೆ ಕಳಿಸುವ ಮುಂಚೆ ನಮ್ಮನ್ನು ಕೂರಿಸಿಕೊಂಡು ತಮಿಳಿನಲ್ಲಿ ಕೇಳಿದರು: ಮನೆಯಲ್ಲಿ ಯಾರಾದರೂ ಕಲ್ನಾರು ಮುಟ್ಟಿದ್ದೀರಾ? ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಉಸಿರಿನೊಡನೆ ಹೋಗಿ ಒಳಗೇ ಕೂತುಬಿಡುತ್ತದೆ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಆ ಪೊರೆಯಲ್ಲಿ ಮೆಸೊಥೆಲಿಯೊಮಾ ಎಂಬ ಕ್ಯಾನ್ಸರ್ ಏಳಬಹುದು. ಶ್ವಾಸಕೋಶಕ್ಕೆ, ಗಂಟಲಿಗೆ ಬರುವುದೂ ಉಂಟು. ಕೆಲಸದವರ ಬಟ್ಟೆ ಒಗೆದ ಹೆಂಡತಿಯರಿಗೂ ಬಂದಿದೆ. ಹಾಗೇನಾದರೂ ಇದ್ದರೆ ಹೇಳಿ, ಪರೀಕ್ಷೆ ಮಾಡುವವರು ಅದನ್ನೇ ಹುಡುಕುತ್ತಾರೆ, ಇಲ್ಲದಿದ್ದರೆ ಬೇರೆ ರೋಗ ಎಂದುಕೊಂಡು ಬೇರೆ ಮದ್ದು ಕೊಟ್ಟೇವು ಎಂದರು.

“ಇಲ್ಲೈ ಮೇಡಂ,” ಎಂದ ಅಪ್ಪ. ತಾನು ಗೇಟಿನಲ್ಲಿ ಕೂತವನು, ಒಳಗೆ ಕಾಲಿಟ್ಟವನೇ ಅಲ್ಲ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೊಡೆ ಚಿವುಟಿ, ತಾನೂ ಇಲ್ಲವೆಂದು ತಲೆಯಾಡಿಸಿದಳು. ಅವಳ ಮುಖ ನೋಡಿ ನುಂಗಿಕೊಂಡೆ.

ಮನೆ ತಲುಪಿ ಅವ್ವನನ್ನು ಮಂಚದ ಮೇಲೆ ಮಲಗಿಸಿದವಳೇ ಅಪ್ಪನ ಎದುರು ನಿಂತೆ.

“ಯಾಕೆ ಸುಳ್ಳೇಳ್ದೆ?”

“ಈ ಕಲ್ನಾರಿನ್ ಅಗ್ಗಕ್ಕೇನೇ ಒಬ್ಬನ್ ಕೆಲ್ಸ ಕಿತ್ತಾಕ್ಸಿದೀನಿ ನಾನು. ಈಗ ನಾನೇ ಕಳ್ಳ ಅಂತ ಏಳ್ಕೊಂಡು ಓಗ್ಲಾ? ಊರಲ್ಲಿ ಮರ್ಯಾದೆ ಐತೆ ನಂಗೆ.”

ಬಾರಿಸಿದೆ. ಅಪ್ಪ ಬಾಗಿಲಿನ ಚೌಕಟ್ಟಿಗೆ ಬಡಿದು, ತುಟಿ ಒಡೆದುಕೊಂಡು ಬಿದ್ದ. ಬನಿಯನ್ ಮೇಲೆ ರಕ್ತ ಇಳಿಯಿತು. ಎದ್ದವನು ನನ್ನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಜಜ್ಜಿದ. ಕಣ್ಣು ಕತ್ತಲೆ ಬಂತು. ಬಿಡಿಸಿಕೊಂಡು ಅಟ್ಟಕ್ಕೆ ಕೈ ಹಾಕಿ, ಬತ್ತಿ ತುಂಬಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ಎಳೆದು ಅವನ ಮುಖಕ್ಕೆ ಎಸೆದೆ. ಮುಚ್ಚಳ ಹಾರಿ, ಬತ್ತಿ, ಹಗ್ಗ, ಪುಡಿ ಎಲ್ಲ ಕೋಣೆ ತುಂಬ ಚೆಲ್ಲಿತು. ಸಾಲದೆಂದು ಒಂದು ಹಿಡಿ ಬಾಚಿ ಅವನ ರಕ್ತದ ಬಾಯಿಗೆ ತುರುಕಿದೆ.

“ತಿನ್ನು. ನೀನೂ ತಿನ್ನು.”

ಮಂಚದಿಂದ ಅವ್ವ ಏನೋ ಹೇಳುತ್ತಿದ್ದಳು. ಕೆಮ್ಮಿನ ನಡುವೆ ಮಾತು ಹೊರಡುತ್ತಿರಲಿಲ್ಲ. ಕೈ ಎತ್ತಿ ತೋರಿಸಿದಳು.

“ಕೂಸು... ಜೋಲೀಲಿ ಕೂಸೈತೆ ಲೇ.”

ನನ್ನ ಎಂಟು ತಿಂಗಳ ಮಗಳನ್ನು ಬೆಳಿಗ್ಗೆ ಚಿಕ್ಕಮ್ಮನ ಹತ್ತಿರ ಬಿಟ್ಟು ಹೋಗಿದ್ದೆ. ಚಿಕ್ಕಮ್ಮ ಅವಳನ್ನು ನಮ್ಮ ಮನೆಯಲ್ಲೇ ಸೀರೆಯ ಜೋಲಿಗೆ ಹಾಕಿ ಮಲಗಿಸಿ, ನಾವು ಬಂದದ್ದು ಕಂಡು ಹೊರಟಿದ್ದಳು. ಅದನ್ನು ನನಗೆ ಹೇಳಿಯೂ ಇದ್ದಳು. ಸಿಟ್ಟಿನಲ್ಲಿ ನಾನು ಮರೆತಿದ್ದೆ. ಈ ಗದ್ದಲಕ್ಕೆ ಎಚ್ಚರವಾಗಿ, ಕಿಟಕಿಯ ಬಿಸಿಲಿನಲ್ಲಿ ಮಿನುಗುತ್ತ ಇಳಿಯುವ ಧೂಳನ್ನು ಹಿಡಿಯಲು ಮಗಳು ಎರಡೂ ಕೈ ಚಾಚಿ ನಗುತ್ತಿದ್ದಳು.

ಅವಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಅಪ್ಪ ಅವ್ವನನ್ನು ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದ. ಬಾಯಿ ಮುಕ್ಕಳಿಸಿ ಉಗಿದು, ಒದ್ದೆ ಬಟ್ಟೆ ಹಿಡಿದು ಒಳಗೆ ಹೋದ.

ಮರುದಿನ ಮೊದಲ ಬಸ್ಸಿಗೆ ಒಬ್ಬನೇ ಸೇಲಂಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿ ಬಂದ. ರೋಗ ಅದೇ ಎಂದು ಗೊತ್ತಾಯಿತು. ಮದ್ದಿನಿಂದ ನೋವು ಸ್ವಲ್ಪ ತಗ್ಗಿತು, ಅವ್ವ ಮಾತ್ರ ಉಳಿಯಲಿಲ್ಲ. ತಿಥಿ ಮುಗಿದ ಮೇಲೆ ಅಪ್ಪ, ಧೂಳು ಏಳದಿರಲೆಂದು ನೀರು ತುಂಬಿದ ಬಕೆಟ್ಟು ಹಿಡಿದು ಮನೆಮನೆಗೆ ಹೋಗಿ, “ನಾನು ಕದ್ದು ತಂದಿದ್ದು, ವಿಷ, ಇದ್ರೊಳಗೆ ಆಕ್ಬಿಡಿ,” ಎಂದು ಉಳಿದ ಬತ್ತಿಗಳನ್ನೆಲ್ಲ ವಾಪಸು ಕೇಳಿ ತಂದ.

ಮಗಳ ಬಗ್ಗೆ ಕೇಳಿದಾಗ, ಒಂದು ದಿನದ ಧೂಳಿಗೆ ರೋಗ ಬರುವ ಸಂಭವ ತೀರ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದು ಹೇಳಲಾರೆ ಎಂದರು ಡಾಕ್ಟರಮ್ಮ. ಮಗಳಿಗೆ ಈಗ ನಡಿಗೆ ಬಂದಿದೆ. ಅವಳಿಗೆ ನಲವತ್ತಾಗುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಅವಳು ಒಂದು ಸಲ ಕೆಮ್ಮಿದರೂ ಸಾಕು, ಕೈಲಿದ್ದದ್ದನ್ನು ಬಿಟ್ಟು ಹೋಗಿ ಅವಳ ಪಕ್ಕೆಗೆ ಕಿವಿಯಿಟ್ಟು ಕೇಳುತ್ತೇನೆ.